ಈ ಸೀಟು ಕುಯ್ದವರ್ಯಾರು?

"ಏನಮ್ಮಾ, ಇದನ್ನ ಹೊಲಿಗೆ ಅಂತೀರಾ ನೀವು?"

ಧಡ್ ಎಂದು ಜಗಲಿಯ ಮೇಲೆ ಒಂದು ಸೀಟು ಬಂದು ಬಿತ್ತು.

ಬೈಕ್ ಸೀಟಿಗೆ ಮೊಳೆ ಹೊಡೆಯುತ್ತಿದ್ದ ಲತಾಮಣಿಯ ಕೈ ನಿಂತಿತು. ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ತಲೆ ಎತ್ತಿದಳು. ಖಾಕಿ ಅಂಗಿಯ ತೋಳು ಮಡಚಿ, ಹುಬ್ಬು ಗಂಟಿಕ್ಕಿಕೊಂಡು, ಜಗಳಕ್ಕೆಂದೇ ಮನೆಯಿಂದ ಹೊರಟವನಂತೆ ಒಬ್ಬ ನಿಂತಿದ್ದ.

"ಯಾವ ಗಾಡಿದು ಅಣ್ಣಾ ಇದು?"

"ಕೆಂಪು ವ್ಯಾನು. ದೊಡ್ಡಆಲಹಳ್ಳಿ ಕಡೆಯಿಂದ ಹಾರೋಹಳ್ಳಿ ಫ್ಯಾಕ್ಟರಿಗೆ ಹೆಂಗಸ್ರನ್ನ ಕರ್ಕಂಡೋಯ್ತದಲ್ಲ, ಅದು. ಹೋದ ತಿಂಗಳು ನಮ್ಮ ಓನರ್ರು ಎಲ್ಲಾ ಸೀಟೂ ಬಿಚ್ಚಿ ನಿಮ್ಮತ್ರಾನೇ ಹೊಸಾದು ಹಾಕ್ಸವ್ರೆ. ನಾನು ದೇವರಾಜು ಅಂತ, ಹೊಸ ಡ್ರೈವರ್ರು. ಕೆಲ್ಸಕ್ಕೆ ಸೇರಿ ನೆಟ್ಟಗೆ ಉಸಿರು ಬುಟ್ಟಿಲ್ಲ, ಆಗ್ಲೇ ಸೀಟು ಬಾಯಿ ಬುಟ್ಕಂಡೈತೆ!"

ಲತಾಮಣಿ ಸೀಟನ್ನು ಬೆಳಕಿಗೆ ಹಿಡಿದಳು. ಕೊನೇ ಸಾಲಿನ ಕಿಟಕಿ ಪಕ್ಕದ ಸೀಟು. ತಾನೇ ಹೊಲಿದದ್ದು, ಅನುಮಾನವಿಲ್ಲ. ಹಿಂದಿನ ಮೂಲೆಯಲ್ಲಿ ರೆಕ್ಸಿನ್ ಬಿಟ್ಟುಕೊಂಡಿತ್ತು. ಬೆರಳಿಂದ ಅಂಚನ್ನು ಸವರಿದಳು.

"ಹೊಲಿಗೆ ಬಿಟ್ಟಿಲ್ಲ ಅಣ್ಣ. ನೋಡಿ, ನನ್ನ ದಾರ ಹೆಂಗಿತ್ತೋ ಹಂಗೇ ಐತೆ. ಇದು ಹರಿದಿರೋದಲ್ಲ."

"ಮತ್ತೆ?"

"ಕುಯ್ದಿರೋದು."

ಅವನು ಬಗ್ಗಿ ಸೀಟನ್ನೊಮ್ಮೆ ನೋಡಿದ. ಆಮೇಲೆ ನಕ್ಕ. ಆ ನಗು ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ.

"ಚೆನ್ನಾಗೈತೆ! ಹೊಲಿಗೆ ಕೆಟ್ರೆ ಯಾರೋ ಕುಯ್ದವ್ರೆ ಅಂದ್ಬುಟ್ರೆ ಆಯ್ತು. ಯಾರ್ರೀ ಕುಯ್ತಾರೆ, ನಾನಾ?"

'ಅದು ನಿನಗೇ ಗೊತ್ತಿರಬೇಕು!' ಎಂದು ಅವಳ ಮನಸ್ಸು ಹೇಳಿತು. ಬಾಯಿ ಮಾತ್ರ, "ಸಾಯಂಕಾಲ ಬಂದು ತಗಂಡೋಗಿ ಅಣ್ಣ" ಎಂದಿತು.

ಲತಾಮಣಿಯ ಅಪ್ಪ ಬೈರಪ್ಪನಿಗೆ ಕನಕಪುರದ ಬಸ್ ಸ್ಟ್ಯಾಂಡ್ ಹತ್ತಿರ ಸೀಟು ಹೊಲಿಯುವ ಅಂಗಡಿಯಿತ್ತು. ಹಾರೋಹಳ್ಳಿಯಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಎದ್ದವು, ಲಾರಿಗಳು ಹೆಚ್ಚಿದವು, ರಸ್ತೆ ಅಗಲವಾಯಿತು, ಅಂಗಡಿ ಹೋಯಿತು. ಆ ಕೊರಗಿನಲ್ಲೇ ಅಪ್ಪನೂ ಹೋದ. ಉಳಿದದ್ದು ಅವನ ಹೊಲಿಗೆ ಮಿಷನ್ನು ಮತ್ತು ಮಗಳಿಗೆ ಕಲಿಸಿದ ಕೆಲಸ. ಮಿಷನ್ನು ಮನೆಯ ಜಗಲಿಗೆ ಬಂತು. ಅದರ ಮುಂದೆ ಲತಾಮಣಿ ಕೂತಳು. ಅಮ್ಮ ಬೋರಮ್ಮ ಮೊದಮೊದಲು ಅತ್ತಳು, ಆಮೇಲೆ ದಾರ ಸುತ್ತಿಕೊಡಲು ಕಲಿತಳು.

ಬಂದ ಡ್ರೈವರುಗಳನ್ನೆಲ್ಲ ಲತಾಮಣಿ ಮೊದಲ ಮಾತಿಗೇ 'ಅಣ್ಣ' ಮಾಡಿಕೊಳ್ಳುತ್ತಿದ್ದಳು. ಗಂಡಸರು ಬಂದು ಹೋಗುವ ಆ ಜಗಲಿಗೆ ಬಾಗಿಲಿರಲಿಲ್ಲ. ಅಣ್ಣ ಎನ್ನುವುದೇ ಅವಳ ಚಿಲಕ.

ಆದರೆ ಆ ದೇವರಾಜು ಹೋದ ಮೇಲೂ ಅವನ ನಗು ಮಾತ್ರ ಜಗಲಿ ಬಿಟ್ಟು ಹೋಗಲಿಲ್ಲ. 'ಎಂಥಾ ಜಂಬ! ನನ್ನ ಹೊಲಿಗೆಗೆ ಹೆಸರಿಡ್ತಾನೆ...' ಎಂದು ಗೊಣಗುತ್ತಲೇ ಅವಳು ಮೂಲೆಯನ್ನು ಬಿಗಿಯಾಗಿ, ಬೇಕಾದ್ದಕ್ಕಿಂತ ಬಿಗಿಯಾಗಿ ಹೊಲಿದಳು.

*

ವಾರ ಕಳೆದಿರಲಿಲ್ಲ. ಮತ್ತೆ ಧಡ್!

ಈ ಸಲ ಬೇರೆ ಸೀಟು. ಈ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

"ನೀವೇ ನೋಡಿ. ನಾನೇನೂ ಮಾತಾಡಕ್ಕಿಲ್ಲ."

ಮತ್ತೆ ಕುಯ್ದ ಗಾಯ. ಲತಾಮಣಿ ಒಮ್ಮೆ ಸೀಟನ್ನು ನೋಡಿದಳು, ಒಮ್ಮೆ ಅವನನ್ನು ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಇಬ್ಬರ ಕಣ್ಣಲ್ಲೂ ಒಂದೇ ಪ್ರಶ್ನೆಯಿತ್ತು, ಇಬ್ಬರೂ ಕೇಳಲಿಲ್ಲ.

"ಹಂಗೇ ಡ್ರೈವರ್ ಸೀಟೂ ಒಸಿ ನೋಡಿಕೊಡಿ," ಎಂದ ಅವನು. "ಕೂತ್ರೆ ಏನೋ ಒತ್ತುತದೆ. ಕಲ್ಲು ಇದ್ದಂಗೆ."

ಅವಳಿಗೆ ಮೈ ಉರಿಯಿತು. ಡ್ರೈವರ್ ಸೀಟಿನ ವಿಷಯದಲ್ಲಿ ಅಪ್ಪನದು ಕಟ್ಟಪ್ಪಣೆ. ಗಾಡಿಯ ಸೀಟುಗಳನ್ನೆಲ್ಲ ಒಟ್ಟಿಗೆ ಬಿಚ್ಚಿದಾಗ, ಒಳಗಿನ ಸ್ಪಂಜುಗಳಲ್ಲಿ ಕುಗ್ಗದೆ ಗಟ್ಟಿಯಾಗಿ ಉಳಿದದ್ದು ಯಾವುದೋ ಅದನ್ನು ಆರಿಸಿ ಡ್ರೈವರ್ ಸೀಟಿಗೇ ಹಾಕಬೇಕು. 'ಅವನ ಸೊಂಟ ನೋಯ್ತಿದ್ರೆ ರಸ್ತೆ ಮೇಲೆ ನಿಗಾ ಇರಕ್ಕಿಲ್ಲ ಮಗಾ, ಹಿಂದೆ ಕೂತಿರೋರೆಲ್ಲ ತಾಯಂದ್ರು' ಅನ್ನುತ್ತಿದ್ದ ಅಪ್ಪ. ಅಷ್ಟು ನಿಗಾ ಇಟ್ಟು ಮಾಡಿದ ಸೀಟು ಒತ್ತುತ್ತದಂತೆ!

"ಗಾಡೀಲಿ ಅದೇ ಚೆನ್ನಾಗಿರೋ ಸೀಟು. ಒತ್ತೋದು ಸೀಟಲ್ಲ, ಬೇರೇನೋ ಇರ್ಬೇಕು," ಎಂದುಬಿಟ್ಟಳು.

'ಅಣ್ಣ' ಎನ್ನಲು ಮರೆತಿದ್ದಳು. ಒಳಗೆ ಕಾಫಿಗೆ ಬೆಲ್ಲ ಹಾಕುತ್ತಿದ್ದ ಬೋರಮ್ಮನಿಗೆ ಅದು ಕೇಳಿಸಿತು. ತಾಯಿಯ ಕಿವಿಗಳೇ ಹಾಗೆ, ಹೇಳಿದ್ದಕ್ಕಿಂತ ಬಿಟ್ಟಿದ್ದನ್ನು ಬೇಗ ಹಿಡಿಯುತ್ತವೆ.

ಅಂದು ಸೀಟು ಆಗುವವರೆಗೆ ಅವನು ಅಲ್ಲೇ ಕೂತ. ಟ್ರಿಪ್ಪಿಗೆ ಇನ್ನೂ ಹೊತ್ತಿತ್ತು. ರೆಕ್ಸಿನ್ ತುಂಡನ್ನು ಅವಳು ಅಂಗಳದ ಬಿಸಿಲಿಗೆ ಹರಡಿದ್ದು ನೋಡಿ, "ಯಾಕ್ರೀ, ಹಪ್ಪಳ ಒಣಗಿಸ್ದಂಗೆ ಒಣಗಿಸ್ತೀರಾ?" ಎಂದು ಕೇಳಿದ.

"ಬಿಸಿಲಿಗೆ ಮೆತ್ತಗಾಗ್ತದೆ. ಆಗ ಎಳೆದು ಮೊಳೆ ಹೊಡೆದ್ರೆ, ಆರಿದ ಮೇಲೆ ಬಿಗಿಯಾಗಿ ಕೂರ್ತದೆ."

"ಮನುಷ್ಯರೂ ಹಂಗೇ ಮೆತ್ತಗಾಗ್ತಾರಾ?"

ಅವಳು ಸುತ್ತಿಗೆ ಎತ್ತಿಕೊಂಡಳು. ಮೊಳೆ ಹೊಡೆಯುವಾಗ ರೆಕ್ಸಿನ್ನಿನ ಇನ್ನೊಂದು ತುದಿಯನ್ನು ಅವನೇ ಎಳೆದು ಹಿಡಿದ. ಬೇಡ ಎನ್ನಬೇಕೆಂದುಕೊಂಡಳು. ಅನ್ನಲಿಲ್ಲ. ಅವನ ಬೆರಳು ಅವಳ ಸುತ್ತಿಗೆಗೆ ಅಷ್ಟು ಹತ್ತಿರವಿತ್ತು. ಅವನು ಕೈ ಸರಿಸಲಿಲ್ಲ, ಅವಳ ಏಟು ಒಮ್ಮೆಯೂ ತಪ್ಪಲಿಲ್ಲ.

"ಒಂದು ಕೇಳ್ಲಾ? ಬೇಜಾರ್ ಮಾಡ್ಕಬ್ಯಾಡಿ," ಎಂದ ಹೊರಡುವಾಗ. "ಗಿರಾಕಿ ತಿರ್ಗಾ ಬರ್ಲಿ ಅಂತ ನೀವೇ ಯಾರ ಕೈಲಾದ್ರೂ..."

"ಹೋಗ್ರೀ ಆಚೆ!"

ಅವನು ನಗುತ್ತಾ ಓಡಿದ. ಅವಳೂ ನಕ್ಕಳು. ನಕ್ಕ ಮೇಲೆ ಅವಳಿಗೆ ಭಯವಾಯಿತು.

*

ಆಮೇಲೆ ಮತ್ತೊಂದು ಸೀಟು ಬಂತು. ಆಮೇಲೆ ಇನ್ನೊಂದು. ಪ್ರತಿ ಸಲವೂ ಅವನು, ಪ್ರತಿ ಸಲವೂ ಕುಯ್ದ ರೆಕ್ಸಿನ್, ಪ್ರತಿ ಸಲವೂ, "ಡ್ರೈವರ್ ಸೀಟು ಒತ್ತುತದೆ ಕಣ್ರೀ, ನಿಜವಾಗ್ಲೂ."

ಲತಾಮಣಿಯ ಎದೆಯಲ್ಲಿ ಎರಡು ಮಾತು ಜಗಳವಾಡುತ್ತಿದ್ದವು. 'ಇವನೇ ಕುಯ್ತಿದ್ದಾನೆ. ಇಲ್ಲಿ ಬರೋಕೆ ನೆಪ!' ಎನ್ನುತ್ತಿತ್ತು ಒಂದು. 'ಬರಲಿ ಬಿಡು...' ಎನ್ನುತ್ತಿತ್ತು ಇನ್ನೊಂದು. ಈ ಎರಡನೆಯ ಮಾತಿನ ಮೇಲೇ ಅವಳಿಗೆ ಹೆಚ್ಚು ಸಿಟ್ಟು.

ಬೀದಿಗೂ ಕಣ್ಣಿತ್ತು. ಒಂದು ಮಧ್ಯಾಹ್ನ ಸೋದರಮಾವ ಪುಟ್ಟಸ್ವಾಮಿ ಬಂದು ಜಗಲಿಯ ಮೇಲೆ ಕೂತ. ಅಪ್ಪ ಹೋದ ಮೇಲೆ ಈ ಮನೆಯ ಹಿರಿಯ ಅವನೇ.

"ಏನವ್ವಾ ಲತಾ, ಆ ಕೆಂಪು ವ್ಯಾನಿಗೆ ಎಷ್ಟು ಸೀಟೈತೆ?"

"ಯಾಕೆ ಮಾವ?"

"ಅಲ್ಲಾ, ಊರಲ್ಲಿರೋ ಗಾಡಿ ಸೀಟೆಲ್ಲ ವರ್ಷಕ್ಕೊಂದು ಸಲ ಹರಿದ್ರೆ ಇವನದು ವಾರಕ್ಕೊಂದು ಹರೀತದೆ. ಟೀ ಅಂಗಡೀಲಿ ಮಾತಾಡ್ಕತಾವ್ರೆ. ಸೀಟು ರಿಪೇರಿಗೆ ಬತ್ತವೋ, ಡ್ರೈವರ್ರು ರಿಪೇರಿಗೆ ಬತ್ತಾನೋ ಅಂತ."

ಒಳಗೆ ಬೋರಮ್ಮನ ಕೈಯಿಂದ ಲೋಟ ಜಾರಿತು.

"ನಾನು ಕೆಟ್ಟೋನಲ್ಲ ಕಣವ್ವಾ," ಎಂದ ಪುಟ್ಟಸ್ವಾಮಿ, ದನಿ ಇಳಿಸಿ. "ಆದ್ರೆ ಇನ್ನೊಂದು ಮಾತು ನನ್ನ ಕಿವಿಗೆ ಬಿದ್ರೆ ಈ ಮಿಷನ್ ಮಾರ್ಬುಡ್ತೀನಿ. ನೀನೂ ಎಲ್ಲಾ ಹುಡುಗೀರಂಗೆ ಫ್ಯಾಕ್ಟರಿಗೆ ಹೋಗು. ಅಲ್ಲಾದ್ರೆ ಗೇಟೈತೆ, ಸೆಕ್ಯೂರಿಟಿ ಐತೆ. ಇಲ್ಲೇನೈತೆ?"

ಲತಾಮಣಿ ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟಳು. ಅಪ್ಪನ ಅಂಗೈ ತಾಕಿ ತಾಕಿ ಅದರ ಬಣ್ಣ ಹೋಗಿತ್ತು. ಇದು ಮನೆಯಿಂದ ಹೋದರೆ ಅಪ್ಪ ಎರಡನೇ ಸಲ ಹೋದಂತೆ.

'ಅವನಿಂದ... ಎಲ್ಲಾ ಅವನಿಂದ!'

*

ಮರುದಿನ ದೇವರಾಜು ಸೀಟು ಹೊತ್ತು ಬಂದಾಗ ಅವಳು ಅದನ್ನು ಮುಟ್ಟಲೂ ಇಲ್ಲ.

"ಸಾಕು ಮಾಡ್ರೀ," ಎಂದಳು.

"ಏನಾಯ್ತು?"

"ಏನಾಯ್ತಾ? ಎದುರು ಸಿಕ್ಕೋರು ನನ್ನ ನೋಡಿ ಮುಸಿ ಮುಸಿ ನಗ್ತಾರೆ. ನಮ್ಮ ಮಾವ ಮಿಷನ್ ಮಾರ್ತೀನಿ ಅಂತಾವ್ರೆ. ಇಲ್ಲಿಗೆ ಬರೋಕೆ ಆಸೆ ಇದ್ರೆ ಮರ್ಯಾದೆಯಿಂದ ಬರೋ ದಾರಿ ಇಲ್ವಾ? ನಿಮ್ಮ ಕೈಯಾರ ನೀವೇ ಬ್ಲೇಡ್ ಹಾಕಿ ತಂದು, ಮೇಲೆ ನನ್ನ ಹೊಲಿಗೆಗೆ ಹೆಸರಿಡ್ತೀರಾ?"

ಅವನ ಮುಖ ಬಿಳಿಚಿಕೊಂಡಿತು.

"ನಾನೇ ಕುಯ್ದೆ ಅಂತೀರಾ?"

"ಮತ್ತಿನ್ಯಾರು?"

"ನೋಡೀ... ಓನರ್ರು ನಿನ್ನೆ ಹೇಳವ್ರೆ. ಇನ್ನೊಂದು ಸೀಟು ಹರಿದ್ರೆ ಗಾಡಿ ಕೀ ಇಸ್ಕತೀನಿ, ಮನೆಗೆ ಹೋಗು ಅಂತ. ಆದ್ರೂ ಇವತ್ತು ಇದನ್ನ ಕದ್ದು ಬಿಚ್ಕಂಡು ಬಂದಿವ್ನಿ, ಅವ್ರು ನೋಡೋಕೆ ಮುಂಚೆ ನಿಮ್ಮ ಕೈಲಿ ಹೊಲಿಸ್ಕಂಡು ಹೋಗೋಣ ಅಂತ." ಅವನು ಸೀಟನ್ನು ಜಗಲಿಯ ಮೇಲಿಟ್ಟ. "ಅನ್ನ ಕೊಡೋ ಸೀಟಿಗೆ ಬ್ಲೇಡ್ ಹಾಕೋ ಜಾತಿಯೋನಲ್ಲ ಕಣ್ರೀ ನಾನು."

"ಹಂಗಾದ್ರೆ..."

"ಬತ್ತೀನಿ. ಇಲ್ಲ, ಇನ್ಮೇಲೆ ಬರಕ್ಕಿಲ್ಲ."

ಸೀಟನ್ನು ಅಲ್ಲೇ ಬಿಟ್ಟು ಹೋದ. ಬೀದಿ ತುದಿಯಲ್ಲಿ ವ್ಯಾನು ಶುರುವಾದ ಸದ್ದು ಕೇಳಿತು. ಸಾಮಾನ್ಯವಾಗಿ ತಿರುವಿನಲ್ಲಿ ಒಮ್ಮೆ ಹಾರ್ನ್ ಹೊಡೆಯುತ್ತಿದ್ದ. ಅಂದು ಹೊಡೆಯಲಿಲ್ಲ.

"ಗೆದ್ಯಾ?" ಎಂದಳು ಬೋರಮ್ಮ ಬಾಗಿಲಲ್ಲಿ ನಿಂತು. ಅದೇನು ಬೈಗುಳವೋ ಕನಿಕರವೋ ಲತಾಮಣಿಗೆ ತಿಳಿಯಲಿಲ್ಲ.

ಅಳು ನುಂಗಿಕೊಂಡು ಅವಳು ಆ ಸೀಟನ್ನು ಎಳೆದುಕೊಂಡಳು. ಮೊದಲ ಸಲ, ಕುಯ್ದ ಅಂಚನ್ನು ನಿಧಾನವಾಗಿ ನೋಡಿದಳು. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಸೀಟನ್ನಲ್ಲವಲ್ಲ!

ಬ್ಲೇಡಿನಿಂದ ಕುಯ್ದರೆ ಒಂದೇ ಗೆರೆ. ಇಲ್ಲಿ ಅಂಚು ಚೂರು ಚೂರೇ ಕಚ್ಚಿದಂತಿತ್ತು. ಚಿಕ್ಕ ಕತ್ತರಿಯ ಕೆಲಸ. ದಾರದ ತುದಿ ಕತ್ತರಿಸುವಂಥದ್ದು, ಬೆರಳಲ್ಲಿ ಮುಚ್ಚಿಟ್ಟುಕೊಳ್ಳುವಂಥದ್ದು. ಗಾರ್ಮೆಂಟ್ಸಿನ ಹೆಂಗಸರ ಕೈಯಲ್ಲಿ ಅದು ಇರುತ್ತದೆ. ಡ್ರೈವರನ ಕೈಯಲ್ಲಿ ಯಾಕಿರುತ್ತದೆ?

ಇನ್ನೊಂದು. ಪ್ರತಿ ಸೀಟೂ ಕುಯ್ದದ್ದು ಹಿಂದಿನ ಬಲ ಮೂಲೆಯಲ್ಲೇ. ನೆಪಕ್ಕೆ ಕುಯ್ಯುವವನು ಎಲ್ಲಾದರೂ ಕುಯ್ಯುತ್ತಾನೆ, ಕಣ್ಣಿಗೆ ಕಾಣುವಲ್ಲಿ ಕುಯ್ಯುತ್ತಾನೆ. ಅವಳು ಒಳಗೆ ಕೈ ಹಾಕಿದಳು. ಕೈ ಸಲೀಸಾಗಿ ಹೋಯಿತು. ಒಳಗೆ ಸ್ಪಂಜನ್ನು ಯಾರೋ ಕೆದಕಿ ಕೆದಕಿ ಪುಡಿ ಮಾಡಿದ್ದರು.

'ಅಯ್ಯೋ... ಇದು ಹರಿಯೋಕೆ ಕುಯ್ದಿರೋದಲ್ಲ. ಏನನ್ನೋ ಹುಡುಕೋಕೆ ಕುಯ್ದಿರೋದು!'

ಅವನಲ್ಲ. ಅವನಲ್ಲವೇ ಅಲ್ಲ. ಆ ಸೀಟಿನ ಮೇಲೆ ಮುಖವಿಟ್ಟು ಲತಾಮಣಿ ಬಿಕ್ಕಿ ಬಿಕ್ಕಿ ಅತ್ತಳು.

*

ಅವನಿಗೆ ಹೇಳಬೇಕು ಎಂದುಕೊಂಡಳು. ಯಾರ ಕೈಲಿ ಹೇಳಿ ಕಳಿಸುವುದು? ರಸ್ತೆಯಲ್ಲಿ ನಿಂತು ವ್ಯಾನು ನಿಲ್ಲಿಸಿದರೆ ಮಾವನ ಕಿವಿಗೆ ಬೀಳಲು ಎಷ್ಟು ಹೊತ್ತು? ಹಾಗೆ ಒದ್ದಾಡುತ್ತಿರುವಾಗಲೇ ಭಾನುವಾರ ಬಂತು. ಭಾನುವಾರದ ಜೊತೆ ಕೆಂಪು ವ್ಯಾನೂ ಬಂತು.

ಅಂದು ಅವನು ಒಬ್ಬನೇ ಇರಲಿಲ್ಲ. ಜೊತೆಯಲ್ಲಿ ನಲವತ್ತರ ಆಸುಪಾಸಿನ, ಕಡ್ಡಿಯಂಥ ಹೆಂಗಸು. ಸೆರಗು ಸೊಂಟಕ್ಕೆ ಬಿಗಿದು, ಅಂಗಳಕ್ಕೆ ಕಾಲಿಡುತ್ತಲೇ ಕೂಗಿದಳು.

"ಯಾರವ್ವ ಇಲ್ಲಿ ಸೀಟು ಹೊಲಿಯೋಳು? ನನ್ನ ಓಲೆ ಕೊಡು!"

ಬೀದಿಯ ಬಾಗಿಲುಗಳೆಲ್ಲ ತೆರೆದವು. ಪುಟ್ಟಸ್ವಾಮಿಯೂ ಪಂಚೆ ಎತ್ತಿ ಕಟ್ಟಿಕೊಂಡು ಬಂದ.

"ಇವ್ರು ಶಿವಲಿಂಗಮ್ಮ," ಎಂದ ದೇವರಾಜು, ಲತಾಮಣಿಯ ಮುಖ ನೋಡದೆ. "ನಮ್ಮ ಗಾಡೀಲೇ ಕೆಲ್ಸಕ್ಕೆ ಬತ್ತಾರೆ. ನೀವು ಅವತ್ತು ಅಂದಿದ್ದು ಎದೇಲೇ ಇತ್ತು. ಕನ್ನಡೀಲಿ ಒಬ್ಬೊಬ್ರನ್ನೇ ನೋಡ್ತಾ ಬಂದೆ. ಇವ್ರು ದಿನಾ ಒಂದೊಂದು ಸೀಟಲ್ಲಿ ಕೂರ್ತಿದ್ರು. ನಿನ್ನೆ ಕತ್ತರಿ ಸಮೇತ ಸಿಕ್ಕೋದ್ರು."

"ಹೌದು, ಕುಯ್ದೆ! ಏನಿವಾಗ?" ಶಿವಲಿಂಗಮ್ಮನ ದನಿ ಒಡೆಯಿತು. "ನಮ್ಮವ್ವನ ಓಲೆ ಕಣವ್ವಾ. ಮನೇಲಿಟ್ರೆ ಗಂಡ ಇಸ್ಪೀಟಿಗೆ ಇಡ್ತಾನೆ. ಕಿವೀಲಿದ್ರೆ ದಾರೀಲೇ ಬಿಚ್ಚಿಸ್ಕತಾನೆ. ಅದಕ್ಕೇ ಬಟ್ಟೆ ಚೂರಲ್ಲಿ ಗಂಟು ಕಟ್ಟಿ, ಕೊನೇ ಸಾಲಿನ ಕಿಟಕಿ ಸೀಟು ಮೂಲೇಲಿ ಹರಿದಿತ್ತಲ್ಲ, ಅಲ್ಲಿ ಸ್ಪಂಜೊಳಕ್ಕೆ ತುರುಕಿ ಇಟ್ಟಿದ್ದೆ. ದಿನಾ ಅದರ ಮೇಲೇ ಕೂತ್ಕಂಡು ಹೋಗಿ ಬರ್ತಿದ್ದೆ. ಜ್ವರ ಬಂದು ರಜಾ ಹಾಕಿದ್ದೆ, ಬಂದು ನೋಡಿದ್ರೆ ಎಲ್ಲಾ ಹೊಸಾ ಸೀಟು! ನನ್ನ ಸೀಟು ಕುಯ್ದೆ, ಇಲ್ಲ. ಸೀಟು ಅದಲು ಬದಲಾಗೈತೇನೋ ಅಂತ ಒಂದೊಂದೇ ಕುಯ್ದೆ. ಯಾವುದ್ರಲ್ಲೂ ಇಲ್ಲ. ಬಿಚ್ಚಿದೋಳು ನೀನು, ಇನ್ಯಾರು ತಗಂಡಿರ್ತಾರೆ?"

ಅಂಗಳದ ಕಣ್ಣುಗಳೆಲ್ಲ ಲತಾಮಣಿಯ ಮೇಲೆ ತಿರುಗಿದವು. ಕಳ್ಳಿ! ಇನ್ನು ಈ ಜಗಲಿಗೆ ಯಾರು ಸೀಟು ತರುತ್ತಾರೆ? ಮಾವ ಮಿಷನ್ ಮಾರಬೇಕಾಗಿಯೇ ಇಲ್ಲ, ಅದು ತಾನಾಗಿ ನಿಲ್ಲುತ್ತದೆ.

"ನಾನು... ನಾನು ನೋಡೇ ಇಲ್ಲ..."

"ನೋಡೇ ಇಲ್ವಾ? ಹಂಗಾದ್ರೆ ಓಲೆ ಎದ್ದು ನಡ್ಕಂಡು ಹೋಯ್ತಾ?"

ಅವಳ ಕಣ್ಣು ತಾನಾಗಿ ದೇವರಾಜುವಿನತ್ತ ಹೋಯಿತು. 'ಇವನೂ ನನ್ನ ಹಂಗೇ ನೋಡ್ತಿರಬೇಕು. ನೋಡಲಿ. ನಾನು ಇವನನ್ನ ನೋಡಲಿಲ್ಲವಾ?'

"ಶಿವಲಿಂಗಕ್ಕಾ," ಎಂದ ದೇವರಾಜು. "ಅವ್ರು ತಗಂಡಿಲ್ಲ."

"ನಿಂಗೆ ಹೆಂಗ್ಲಾ ಗೊತ್ತು? ನೀನು ನೋಡಿದ್ಯಾ?"

"ನೋಡಿಲ್ಲ. ಓಲೆ ಎಲ್ಲೈತೋ ನಂಗೊತ್ತಿಲ್ಲ. ಆದ್ರೆ ಅವ್ರು ತಗಳೋರಲ್ಲ. ಅಷ್ಟು ಗೊತ್ತು."

ಅಷ್ಟೇ ಮಾತು. ಒಂದು ಸಾಕ್ಷಿ ಇಲ್ಲ, ಒಂದು ಆಧಾರ ಇಲ್ಲ. ಅವನು ಕುಯ್ದದ್ದನ್ನು ಅವಳೂ ಕಂಡಿರಲಿಲ್ಲ, ಆದರೂ ಕುಯ್ದ ಎಂದಿದ್ದಳು. ಅವಳು ತೆಗೆಯದೆ ಇದ್ದುದನ್ನು ಅವನೂ ಕಂಡಿರಲಿಲ್ಲ, ಆದರೂ ಇಲ್ಲ ಎನ್ನುತ್ತಿದ್ದ. ಲತಾಮಣಿಗೆ ನಾಚಿಕೆಯಿಂದ, ಅದಕ್ಕಿಂತ ಹೆಚ್ಚಾಗಿ ಪ್ರೀತಿಯಿಂದ, ಕಣ್ಣು ತುಂಬಿ ಬಂತು.

ಆ ಕಣ್ಣೀರಿನಲ್ಲೇ ಅವಳಿಗೆ ಒಂದು ಮಾತು ನೆನಪಾಯಿತು. ಕೂತ್ರೆ ಏನೋ ಒತ್ತುತದೆ. ಕಲ್ಲು ಇದ್ದಂಗೆ...

"ಅಕ್ಕಾ, ನೀವು ಯಾವಾಗ್ಲೂ ಕೊನೇ ಸಾಲಿನ ಕಿಟಕಿ ಸೀಟಲ್ಲೇ ಕೂರ್ತಿದ್ರಾ?"

"ಹೂಂ ಮತ್ತೆ. ನಾನು ಕೂತ್ರೆ ಸ್ಪಂಜಿಗೆ ಗೊತ್ತೇ ಆಗಕ್ಕಿಲ್ಲ, ಕಡ್ಡಿ ತೂಕ ನಂದು!"

ಅದಕ್ಕೇ ಆ ಸ್ಪಂಜು ಕುಗ್ಗಿರಲಿಲ್ಲ! ಗಾಡಿಯಲ್ಲೆಲ್ಲ ಗಟ್ಟಿಯಾಗಿ ಉಳಿದದ್ದು ಅದೊಂದೇ ಎಂದು ಅವಳೇ ಅದನ್ನು ಹಾಗೇ ಇಡಿಯಾಗಿ ಎತ್ತಿ...

"ದೇವರಾಜು ಅವ್ರೇ," ಎಂದಳು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಡ್ರೈವರ್ ಸೀಟು ಬಿಚ್ಚಿ ತನ್ನಿ."

"ಡ್ರೈವರ್ ಸೀಟಾ?"

"ಬೇಗ ತನ್ನಿ!"

ಅವನು ಓಡಿದ. ಸೀಟು ಜಗಲಿಗೆ ಬಂತು. ಅದರಲ್ಲಿ ಯಾರೂ ಕತ್ತರಿ ಹಾಕಿರಲಿಲ್ಲ. ಡ್ರೈವರನ ಜಾಗದಲ್ಲಿ ಕೂರಲು ಶಿವಲಿಂಗಮ್ಮನಿಗೆ ಎಲ್ಲಿ ಅವಕಾಶ? ಲತಾಮಣಿ ಇಕ್ಕಳ ಹಿಡಿದು, ತಾನೇ ಹೊಡೆದ ಮೊಳೆಗಳನ್ನು ಒಂದೊಂದೇ ಕಿತ್ತಳು. ರೆಕ್ಸಿನ್ ಸರಿಸಿದಳು. ಮೇಲಿನ ತೆಳುವಾದ ಹೊಸ ಸ್ಪಂಜು ಎತ್ತಿದಳು. ಕೆಳಗೆ ಹಳೆಯ ಸ್ಪಂಜು. ಅದರ ಬಲ ಮೂಲೆಯಲ್ಲಿ ಬೆರಳು ಇಳಿಸಿದಳು.

ಗಟ್ಟಿಯಾದದ್ದೇನೋ ತಾಕಿತು.

ಹೂವಿನ ಸೀರೆಯ ಚೂರಿನಲ್ಲಿ ಕಟ್ಟಿದ ಪುಟ್ಟ ಗಂಟು. ಶಿವಲಿಂಗಮ್ಮ ಅದನ್ನು ಕಿತ್ತುಕೊಂಡು ಹಲ್ಲಿನಿಂದ ಬಿಚ್ಚಿದಳು. ಅಂಗೈಯಲ್ಲಿ ಓಲೆ ಹೊಳೆಯಿತು.

"ನಮ್ಮವ್ವಾ..." ಎಂದವಳೇ ಜಗಲಿಯ ಮೇಲೆ ಕುಸಿದಳು. ಆಮೇಲೆ ಲತಾಮಣಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಕೆಟ್ಟ ಬಾಯಿ ನಂದು ಕಣ್ ಮಗಾ. ಹೊಟ್ಟೇಗಾಕ್ಕಳವ್ವಾ."

"ಇನ್ಮೇಲೆ ಸೀಟಲ್ಲಿ ಇಡಬೇಡಿ ಅಕ್ಕ," ಎಂದಳು ಬೋರಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ನಮ್ಮ ಪೆಟ್ಟಿಗೇಲಿಡಿ. ಹಬ್ಬಕ್ಕೆ ಬಂದು ಹಾಕ್ಕಂಡೋಗಿ."

"ಓನರ್ ಹತ್ರ ಬಂದು ನಾನೇ ಕುಯ್ದೆ ಅಂತ ಒಪ್ಕತೀನಿ ಕಣಪ್ಪಾ ದೇವರಾಜು. ನಿನ್ನ ಕೆಲ್ಸಕ್ಕೆ ಕುತ್ತು ಬರಕ್ಕೆ ಬಿಡಕ್ಕಿಲ್ಲ," ಎಂದಳು ಶಿವಲಿಂಗಮ್ಮ.

ಪುಟ್ಟಸ್ವಾಮಿ ಕೆಮ್ಮಿದ. ಬೀದಿಯವರ ಕಡೆ ತಿರುಗಿ, "ಏನ್ ನೋಡ್ತಾ ಇದ್ದೀರ್ಲಾ? ನಮ್ಮುಡುಗಿ ಕೈಗೆ ಬಂದ ವಸ್ತು ಎಲ್ಲೂ ಹೋಗಕ್ಕಿಲ್ಲ. ನಡೀರಿ ನಡೀರಿ!" ಎಂದು ಗದರಿದ. ಮಿಷನ್ ಮಾರುವ ಮಾತನ್ನು ಆ ಮನುಷ್ಯ ಮತ್ತೆ ಎತ್ತಲಿಲ್ಲ.

ಲತಾಮಣಿ ಡ್ರೈವರ್ ಸೀಟನ್ನೂ, ಅವತ್ತು ಅವನು ಬಿಟ್ಟುಹೋಗಿದ್ದ ಸೀಟನ್ನೂ ಹೊಲಿದು ಕೊಟ್ಟಳು. "ಅವತ್ತು ನಾನು..." ಎಂದಳು. ಸುತ್ತ ಜನ. ಮಾತು ಅಲ್ಲೇ ನಿಂತಿತು.

"ಇರ್ಲಿ ಬಿಡಿ," ಎಂದ ಅವನು. ಹೊರಟುಹೋದ.

*

ಆಮೇಲೆ ಸೀಟುಗಳು ಹರಿಯಲಿಲ್ಲ.

ಹರಿಯದ ಸೀಟುಗಳ ಮೇಲೆ ಲತಾಮಣಿಗೆ ಎಂಥಾ ಕೋಪ! ಬೆಳಿಗ್ಗೆ ಮುಖ್ಯರಸ್ತೆಯಲ್ಲಿ ಕೆಂಪು ವ್ಯಾನಿನ ಸದ್ದು ಕೇಳಿದರೆ ಸುತ್ತಿಗೆ ಕೈಯಲ್ಲೇ ನಿಲ್ಲುತ್ತಿತ್ತು. ಸದ್ದು ದೂರವಾದ ಮೇಲೆ ಮೊಳೆ ಸೊಟ್ಟಗೆ ಇಳಿಯುತ್ತಿತ್ತು.

'ಇರ್ಲಿ ಬಿಡಿ ಅಂದ. ಅಂದ್ರೆ ಕ್ಷಮಿಸಿದ್ನಾ? ಇಲ್ಲ ಮರೆತೇಬಿಟ್ನಾ? ಬರೋ ಆಸೆ ನಿಜಕ್ಕೂ ಇತ್ತಾ, ಅದೂ ನಾನೇ ಕಟ್ಟಿಕೊಂಡಿದ್ದಾ?' ಅನುಮಾನ ಎಂಬ ಕಾಯಿಲೆ ನೋಡಿ, ಒಂದು ಕಡೆ ವಾಸಿಯಾದರೆ ಇನ್ನೊಂದು ಕಡೆ ಏಳುತ್ತದೆ.

"ಯಾವುದಾದ್ರೂ ಸೀಟು ಬಂತೇನೇ?" ಎಂದು ಬೋರಮ್ಮ ಕೇಳುವಳು.

"ಇಲ್ಲಮ್ಮ."

"ಹೂಂ. ಗಟ್ಟಿಯಾಗಿ ಹೊಲಿದ್ರೆ ಇದೇ ಕಷ್ಟ," ಎಂದು ಮುಸಿನಗುತ್ತಾ ಒಳಗೆ ಹೋಗುವಳು.

ಮತ್ತೊಂದು ಭಾನುವಾರ. ಅಂಗಳದ ಬಿಸಿಲಿನಲ್ಲಿ ರೆಕ್ಸಿನ್ ಹರಡಿತ್ತು. ಜಗಲಿಯ ಮೇಲೆ ಯಾರೋ ಒಂದು ಸೀಟು ಇಟ್ಟರು. ಧಡ್ ಎಂದಲ್ಲ, ಮೆಲ್ಲಗೆ.

ಲತಾಮಣಿ ತಲೆ ಎತ್ತಲಿಲ್ಲ. ಎತ್ತಿದರೆ ಮುಖವೇ ಎಲ್ಲಾ ಹೇಳಿಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ಸೀಟು ನೋಡಿದಳು. ಡ್ರೈವರ್ ಸೀಟು. ನಡು ಮಧ್ಯದಲ್ಲಿ, ಎಲ್ಲರಿಗೂ ಕಾಣುವಂತೆ, ಉದ್ದಕ್ಕೆ ಒಂದು ಗೆರೆ. ಬೆರಳಿಂದ ಸವರಿದಳು.

"ಇದು ಶಿವಲಿಂಗಕ್ಕನ ಕತ್ತರಿ ಅಲ್ಲ," ಎಂದಳು.

"ಅಲ್ಲ."

"ಬ್ಲೇಡು."

"ಹೂಂ. ಇದೊಂದು ನಾನೇ ಕುಯ್ದಿದ್ದು."

ಅವಳು ತಲೆ ಎತ್ತಿದಳು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮುಖ ಮಾತ್ರ ಪರೀಕ್ಷೆಗೆ ಬಂದ ಹುಡುಗನದು.

"ಅನ್ನ ಕೊಡೋ ಸೀಟಿಗೆ ಬ್ಲೇಡ್ ಹಾಕಲ್ಲ ಅಂದಿದ್ರಿ!"

"ಅಂದಿದ್ದೆ. ಹಾಕುವಾಗ ಕೈ ಮುಗಿದೇ ಹಾಕ್ದೆ. ಇನ್ನೇನ್ ಮಾಡ್ಲಿ? ನೀವು ಹೊಲಿದ ಸೀಟು ಹರಿಯೋದೇ ಇಲ್ಲ. ಕಾಯ್ತಾ ಕೂತ್ರೆ ನಾನು ಮುದುಕ ಆಗ್ಬುಡ್ತೀನಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ತೋರಿಸಬಾರದೆಂದು ಸೀಟಿನ ಸೀಳಿನೊಳಗೆ ಬೆರಳು ಹಾಕಿ ತಡಕಿದಳು.

"ಒಳಗೇನು ಬಚ್ಚಿಟ್ಟಿದ್ದೀರಾ?"

"ಏನೂ ಇಲ್ಲ. ಬಚ್ಚಿಟ್ಟಿದ್ದು ಸಾಕಾಗೋಯ್ತು ಲತಾ. ಹೇಳೋಣ ಅಂತ ಬಂದೆ." ಅವನು ಉಸಿರೆಳೆದುಕೊಂಡ. "ಮರ್ಯಾದೆಯಿಂದ ಬರೋ ದಾರಿ ಇಲ್ವಾ ಅಂತ ಕೇಳಿದ್ರಿ. ನಮ್ಮವ್ವ ನಿಮ್ಮ ಮಾವನ ಮನೇಲಿ ಕೂತು ಮಾತಾಡ್ತಾವ್ರೆ. ಆದ್ರೆ ಅಲ್ಲಿ ಏನಂದ್ರೂ ಲೆಕ್ಕಕ್ಕಿಲ್ಲ. ನೀವು ಏನಂತೀರಿ, ಅದನ್ನ ಹೇಳಿ."

ಒಳಗೆ ಬೋರಮ್ಮನ ಬಳೆಯ ಸದ್ದು ನಿಂತಿತ್ತು.

"ನಾನು ನಿಮ್ಮನ್ನ ನಂಬ್ಲಿಲ್ಲ," ಎಂದಳು ಲತಾಮಣಿ. "ನೀವು ಏನೂ ನೋಡ್ದೆ ನನ್ನ ನಂಬಿದ್ರಿ. ಅವತ್ತಿಂದ ಅದೇ ಚುಚ್ತಾ ಐತೆ. ಇಂಥೋಳು ಬೇಕಾ ನಿಮಗೆ?"

"ಎಷ್ಟು ಒತ್ತಿದ್ರೂ ಅದೇ ಸೀಟಲ್ಲಿ ಕೂತಿದ್ದೆನಲ್ಲ. ಕೆಳಗಿದ್ದಿದ್ದು ಚಿನ್ನ ಅಂತ ಆಮೇಲೆ ತಾನೆ ಗೊತ್ತಾಗಿದ್ದು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಸೀಟನ್ನು ಎತ್ತಿ ಮಿಷನ್ನಿನ ಹಿಂದೆ, ಗೋಡೆಯ ಪಕ್ಕಕ್ಕೆ ಇಟ್ಟಳು.

"ಇವತ್ತು ಆಗಲ್ಲ. ಇಲ್ಲೇ ಇರ್ಲಿ."

"ಅಯ್ಯೋ! ಗಾಡಿ ಬೀದಿ ತುದೀಲಿ ನಿಂತೈತೆ ಕಣ್ರೀ. ಸೀಟು ಇಲ್ದೆ ನಾನು ಹೋಗೋದೆಂಗೆ?"

"ಅದಕ್ಕೇ ಇಟ್ಕಂಡಿದ್ದು."

ಅವನು ಅವಳನ್ನೇ ನೋಡಿದ. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಇವತ್ತೂ ಅಣ್ಣ ಅನ್ಲಿಲ್ಲ ನೀವು," ಎಂದ ಮೆಲ್ಲಗೆ.

"ಇನ್ಮೇಲೆ ಅನ್ನಲ್ಲ," ಎಂದಳು ಲತಾಮಣಿ. ಬಿಸಿಲಿಗೆ ಮೆತ್ತಗಾಗಿದ್ದ ರೆಕ್ಸಿನ್ನನ್ನು ಅಂಗಳದಿಂದ ಎತ್ತಿ ತಂದು, ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು ಅವನತ್ತ ಚಾಚಿದಳು. "ಸುಮ್ನೆ ನಿಂತ್ಕಬೇಡಿ. ಹಿಡ್ಕಳಿ. ಬಿಡಬಾರ್ದು."

"ಬಿಡಕ್ಕಿಲ್ಲ," ಎಂದ ದೇವರಾಜು.